ಸ್ಯಾಕ್ಸೋಫೋನ್ ಪ್ಯಾಡ್ ಹೋದರೆ ವಾದ್ಯ ಹೋಯಿತು ಅಂತ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಈ ಪತ್ರ ಸ್ಯಾಕ್ಸೋಫೋನಿನ ಪ್ಯಾಡುಗಳ, ಅಂದರೆ ಅದರ ತೂತು ಮುಚ್ಚುವ ಚರ್ಮದ ಮೆತ್ತೆಗಳ ಬಗ್ಗೆ. ರಸ್ತೆ ಗುಂಡಿ, ಕರೆಂಟು, ಆನೆ ಹಾವಳಿಯ ಪತ್ರಗಳ ನಡುವೆ ಇದೆಂಥ ವಿಷಯ ಅಂತ ಅನ್ನಿಸಬಹುದು. ಆದರೆ ನಮ್ಮ ಜಿಲ್ಲೆಯಲ್ಲಿ ದೇವಸ್ಥಾನದ ಉತ್ಸವ, ಮದುವೆ, ಗೃಹಪ್ರವೇಶ ಅಂತ ಸ್ಯಾಕ್ಸೋಫೋನ್ ಊದಿ ನಾಲ್ಕು ಕಾಸು ನೋಡುವ ಮನೆಗಳಿವೆ, ಮಕ್ಕಳಿಗೆ ಆಸೆಪಟ್ಟು ಕಲಿಸುತ್ತಿರುವ ಮನೆಗಳೂ ಇವೆ. ಮಳೆ ನಿಂತ ಮೇಲೆ ಪೆಟ್ಟಿಗೆ ತೆರೆದರೆ ಎಲ್ಲ ಕಡೆ ಒಂದೇ ಗೋಳು. ಕೆಳಗಿನ ಸ್ವರ ಹೊರಡುವುದಿಲ್ಲ. ಒಂದು ಕೀ ಅಂಟಿಕೊಂಡು ಕೂತಿದೆ. ಇನ್ನೊಂದರ ಚರ್ಮದ ಮೇಲೆ ಬೂಷ್ಟು. ಆಗ ಯಾರೋ ಒಬ್ಬರು ತಿಳಿದವರ ಹಾಗೆ ಹೇಳುತ್ತಾರೆ, 'ಇದರ ಕಥೆ ಮುಗೀತು, ಹೊಸದು ತಗೊಳ್ಳಿ' ಅಂತ. ಇದು ತಪ್ಪು ಮಾತು. ಈ ಮಾತು ನಂಬಿ ಒಳ್ಳೊಳ್ಳೆ ವಾದ್ಯಗಳನ್ನು ಹಿತ್ತಾಳೆ ತೂಕದ ಬೆಲೆಗೆ ಕೊಟ್ಟವರನ್ನು ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಸ್ಯಾಕ್ಸೋಫೋನ್ ಹಿತ್ತಾಳೆಯದ್ದು, ಸರಿ. ಆದರೆ ಅದರ ಜೀವ ಇರುವುದು ಹಿತ್ತಾಳೆಯಲ್ಲಿ ಅಲ್ಲ. ಮೈಮೇಲೆ ಇಪ್ಪತ್ತಕ್ಕೂ ಹೆಚ್ಚು ತೂತುಗಳಿವೆ. ಒಂದೊಂದಕ್ಕೂ ಕೀಗೆ ಸೇರಿದ ಒಂದು ಮುಚ್ಚಳ ಇದೆ, ಮುಚ್ಚಳದ ಒಳಗೆ ಒಂದು ಪ್ಯಾಡ್. ಪ್ಯಾಡ್ ಅಂದರೆ ಏನು? ಹಿಂದೆ ಒಂದು ರಟ್ಟು, ಅದರ ಮೇಲೆ ಉಣ್ಣೆಯ ಫೆಲ್ಟ್, ಅದರ ಮೇಲೆ ಎಳೆದು ಹೊದಿಸಿದ ತೆಳು ಚರ್ಮ. ಹೆಚ್ಚಿನವುಗಳ ನಡುವೆ ಲೋಹದ್ದೋ ಪ್ಲಾಸ್ಟಿಕ್ಕಿನದ್ದೋ ಒಂದು ಬಿಲ್ಲೆ ಇರುತ್ತದೆ, ಅದು ಧ್ವನಿ ಗಟ್ಟಿಯಾಗಿ ಹೊರಗೆ ಬರಲಿ ಅಂತ. ಅಷ್ಟೇ. ಅಡಾಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಂನವನು 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಮಾಡಿಸಿದ ವಾದ್ಯ ಇದು. ಆಮೇಲೆ ಕೀಗಳ ಜೋಡಣೆ ಎಷ್ಟೋ ಬದಲಾಯಿತು, ಆದರೆ ತೂತು ಮುಚ್ಚುವ ಕೆಲಸ ಇವತ್ತಿಗೂ ಚರ್ಮ ಮತ್ತು ಫೆಲ್ಟಿನದ್ದೇ. ಕೊಡಗಿನ ಮಳೆಗೆ ಚರ್ಮದ ಚಪ್ಪಲಿ, ಬೆಲ್ಟ್ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾ? ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಭಾಗಮಂಡಲದ ಕಡೆ ಅದಕ್ಕಿಂತ ಜಾಸ್ತಿ. ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ಬಿಸಿಲು ಕಾಣದೆ ದಿನಗಟ್ಟಲೆ ಕಳೆಯುತ್ತದೆ. ಒಣ ಹವೆಯ ಊರಿನಲ್ಲಿ ವರ್ಷಾನುಗಟ್ಟಲೆ ಬಾಳುವ ಪ್ಯಾಡು ನಮ್ಮಲ್ಲಿ ಬೇಗ ಸೋಲುತ್ತದೆ. ವಾದ್ಯದ ತಪ್ಪೂ ಅಲ್ಲ, ಊದುವವರ ತಪ್ಪೂ ಅಲ್ಲ.

ನಮ್ಮ ಕಡೆ ಈ ವಾದ್ಯ ಇಷ್ಟು ಬೇರು ಬಿಡಲು ಕಾರಣ ಕದ್ರಿ ಗೋಪಾಲನಾಥರು, ಅದರಲ್ಲಿ ಎರಡು ಮಾತಿಲ್ಲ. ಬಂಟ್ವಾಳದ ಸಜೀಪದ ನಾಗಸ್ವರದ ಮನೆಯಲ್ಲಿ 1949ರಲ್ಲಿ ಹುಟ್ಟಿದವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರಿಂದಾಗಿ ಘಟ್ಟದ ಕೆಳಗೂ ಮೇಲೂ ದೇವಸ್ಥಾನದಲ್ಲಿ ಡೋಲಿನ ಜೊತೆ ಸ್ಯಾಕ್ಸೋಫೋನ್ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಗಮಕ ನುಡಿಸಬೇಕಾದರೆ ಕೀಯನ್ನು ಅರ್ಧ ಎತ್ತಬೇಕು, ಮೆಲ್ಲಗೆ ಇಳಿಸಬೇಕು, ಸ್ವರ ಜಾರಬೇಕು. ಪ್ಯಾಡು ಗಟ್ಟಿಯಾಗಿದ್ದರೆ, ಅಥವಾ ಒಂದು ಕಡೆ ಗಾಳಿ ಬಿಡುತ್ತಿದ್ದರೆ, ಇದು ಆಗುವ ಮಾತಲ್ಲ. ಕಲಿಯುವ ಮಗುವಿಗೆ 'ಅಭ್ಯಾಸ ಸಾಲದು' ಅಂತ ಬೈಯುವ ಮೊದಲು ವಾದ್ಯದ ಪ್ಯಾಡು ನೋಡಿ ಸ್ವಾಮಿ. ಮಕ್ಕಳು ಗಾಳಿ ಸೋರುವ ವಾದ್ಯದಲ್ಲಿ ಬಾಯಿಗಿಡುವ ತೆಳು ಪಟ್ಟಿಯಾದ ರೀಡನ್ನು ಕಚ್ಚಿ ಹಿಡಿದು, ಕೀಯನ್ನು ಹಿಚುಕಿ ಒತ್ತಿ, ತುಟಿ ಬೆರಳು ಎರಡೂ ನೋಯಿಸಿಕೊಂಡು ಕೊನೆಗೆ ಬಿಟ್ಟೇ ಬಿಡುತ್ತಾರೆ.

ರಿಪೇರಿಗೆ ಕೊಡಿ ಅನ್ನುವುದು ಸುಲಭ. ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್ ಆಸುಪಾಸು, ಮಂಗಳೂರಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಮಳೆಗಾಲದಲ್ಲಿ ಸಂಪಾಜೆ ಘಾಟಿಯ ಗತಿ ನಿಮ್ಮ ಪತ್ರಿಕೆಯಲ್ಲೇ ಬರುತ್ತಿರುತ್ತದೆ. ಅಲ್ಲಿಗೆ ತಲುಪಿದರೂ ವಾದ್ಯ ಬಿಟ್ಟು ಬರಬೇಕು, ಯಾವಾಗ ಸಿಗುತ್ತದೆ ಅಂತ ಹೇಳುವವರಿಲ್ಲ, ಅಷ್ಟರಲ್ಲಿ ಒಪ್ಪಿಕೊಂಡ ಮದುವೆ ಬಂದುಬಿಡುತ್ತದೆ. ಒಳ್ಳೆಯ ರಿಪೇರಿಯವರು ಇದ್ದಾರೆ, ಇಲ್ಲ ಅನ್ನುತ್ತಿಲ್ಲ. ಆದರೆ ನನ್ನ ಆಲ್ಟೊ ಸ್ಯಾಕ್ಸೋಫೋನ್ ಒಂದು ಸಲ ಹೊರಗಿನ ಒಂದು ಅಂಗಡಿಯಿಂದ ವಾಪಸ್ ಬಂದಾಗ ಎರಡು ಪ್ಯಾಡುಗಳನ್ನು ಕ್ಷಣದಲ್ಲಿ ಅಂಟುವ ಗಮ್ ಹಾಕಿ ಕೂರಿಸಿದ್ದರು. ಆ ಗಮ್ಮಿನಲ್ಲಿ ಕೂತ ಪ್ಯಾಡನ್ನು ಆಮೇಲೆ ಆಚೀಚೆ ಸರಿಸಲಿಕ್ಕೆ ಆಗುವುದಿಲ್ಲ, ಚೂರು ಚೂರು ಕೆರೆದೇ ತೆಗೆಯಬೇಕು. ಅದನ್ನು ಕೆರೆಯುತ್ತಾ ಕೂತಾಗಲೇ ಅನ್ನಿಸಿದ್ದು, ಇದಕ್ಕಿಂತ ಚೆನ್ನಾಗಿ ನಾವೇ ಮಾಡಬಹುದಲ್ವಾ ಅಂತ. ಮಾಡಬಹುದು. ಎಲ್ಲವನ್ನೂ ಅಲ್ಲ, ಆದರೆ ಬಹಳಷ್ಟನ್ನು.

ಕೈಲ್ ಮುಹೂರ್ತಕ್ಕೆ ಮನೆಮನೆಯಲ್ಲಿ ಕೋವಿ ಇಳಿಸಿ, ನಳಿಗೆ ಒರೆಸಿ, ಎಣ್ಣೆ ಹಾಕಿ, ಹೂವಿಟ್ಟು ಪೂಜೆ ಮಾಡುವ ಜಿಲ್ಲೆ ಇದು. ಕೋವಿ ಬಿಚ್ಚಲು ಹೆದರದವರು ಸ್ಯಾಕ್ಸೋಫೋನಿನ ಕೀ ಕೂತು ತಿರುಗುವ ಒಂದು ರಾಡ್ ಬಿಚ್ಚಲು ಯಾಕೆ ಹೆದರಬೇಕು ಅಂತ ನನಗೆ ಅರ್ಥವಾಗುವುದಿಲ್ಲ. ಪೂಜೆಯ ಮಾತು ಬಂತು ಅಂತ ಹೇಳುತ್ತೇನೆ. ಆಯುಧಪೂಜೆಗೆ ವಾದ್ಯಕ್ಕೆ ಕುಂಕುಮ ಹಚ್ಚುವುದಾದರೆ ಬೆಲ್ಲಿನ, ಅಂದರೆ ವಾದ್ಯದ ಅಗಲ ಬಾಯಿಯ, ಹೊರಗೆ ಹಚ್ಚಿ, ಕೀಗಳ ಮೇಲೆ ಬೇಡ. ಆ ಪುಡಿ ಪ್ಯಾಡಿನ ಅಡಿಗೂ ರಾಡಿನ ಸಂದಿಗೂ ಇಳಿದರೆ ದೇವರೂ ತೆಗೆಯಲಾರ.

ಈಗ ಕೆಲಸಕ್ಕೆ ಬರೋಣ. ಮೊದಲನೆಯದಾಗಿ, ಅಂಟುವ ಪ್ಯಾಡೆಲ್ಲ ಹೋದ ಪ್ಯಾಡಲ್ಲ. ಜಿ ಶಾರ್ಪ್, ಕೆಳಗಿನ ಸಿ ಶಾರ್ಪ್, ಕೆಳಗಿನ ಇ ಫ್ಲಾಟ್ (ಪಾಶ್ಚಾತ್ಯ ಸ್ವರಗಳ ಹೆಸರು, ಕೀಗಳನ್ನೂ ಹೀಗೇ ಕರೆಯುತ್ತಾರೆ), ಇವು ಒತ್ತದಿದ್ದಾಗ ಯಾವಾಗಲೂ ಮುಚ್ಚಿಕೊಂಡೇ ಇರುವ ಕೀಗಳು. ಉಸಿರಿನ ನೀರು ಅಲ್ಲಿ ನಿಂತು ಚರ್ಮ ತೂತಿನ ಅಂಚಿಗೆ ಅಂಟುತ್ತದೆ. ನೀರಷ್ಟೇ ಆದರೆ ಪರವಾಗಿಲ್ಲ. ಮದುವೆ ಮನೆಯಲ್ಲಿ ಪಾಯಸ ಹೋಳಿಗೆ ಹೊಡೆದು, ಮೇಲೆ ಎಲೆಅಡಿಕೆ ಹಾಕಿಕೊಂಡು ಸೀದಾ ಊದಲು ಕೂತರೆ ಸಕ್ಕರೆಯೂ ಜೊತೆಗೆ ಇಳಿಯುತ್ತದೆ. ಬಾಯಿ ಮುಕ್ಕಳಿಸಿ ಊದಿದರೆ ಅರ್ಧ ರಿಪೇರಿ ಉಳಿಯಿತು. ಅಂಟಿದ ಪ್ಯಾಡಿಗೆ ಟಾಲ್ಕಂ ಪೌಡರ್ ಹಾಕುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ. ಅದು ತೇವಕ್ಕೆ ಸೇರಿ ಹಿಟ್ಟಾಗುತ್ತದೆ. ಹತ್ತಿಯ ಬಟ್ಟೆಯ ತುದಿಗೆ ಚೂರು ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ತೂತಿನ ಅಂಚನ್ನೂ ಚರ್ಮವನ್ನೂ ಒರೆಸಿ, ಒಣಗಲು ಬಿಡಿ, ಆಮೇಲೆ ನೋಡಿ. ಎಷ್ಟೋ ಸಲ ಅಷ್ಟೇ ಸಾಕು.

ನಿಜವಾಗಿ ಹೋದ ಪ್ಯಾಡನ್ನು ಕಣ್ಣಲ್ಲೇ ಗುರುತಿಸಬಹುದು. ಚರ್ಮ ಕಪ್ಪಾಗಿ ಗಟ್ಟಿಯಾಗಿರುತ್ತದೆ, ಉಗುರಿನಲ್ಲಿ ಒತ್ತಿದರೆ ರಟ್ಟು ಒತ್ತಿದ ಹಾಗೆ ಅನ್ನಿಸುತ್ತದೆ. ತೂತಿನ ಅಂಚು ಕೂರುವ ಉಂಗುರದ ಗೆರೆ ಆಳವಾಗಿ, ಕೆಲವು ಕಡೆ ಚರ್ಮ ಸೀಳಿ ಒಳಗಿನ ಫೆಲ್ಟ್ ಕಾಣುತ್ತದೆ. ಹುಳ ತಿಂದಿದ್ದರೆ ಪುಡಿ ಉದುರುತ್ತದೆ. ಇಂಥದ್ದನ್ನು ಉಳಿಸಲು ಹೋಗಬೇಡಿ, ಬದಲಿಸಿ.

ಕಣ್ಣಿಗೆ ಚೆನ್ನಾಗಿ ಕಂಡೂ ಗಾಳಿ ಬಿಡುವ ಪ್ಯಾಡನ್ನು ಹುಡುಕುವುದೇ ನಿಜವಾದ ಪತ್ತೇದಾರಿ ಕೆಲಸ. ಇಲ್ಲಿ ಎಲ್ಲರೂ ಎಡವುವ ಒಂದು ವಿಷಯ ಇದೆ. ಕೆಳಗಿನ ಸಿ, ಬಿ, ಬಿ ಫ್ಲಾಟ್ ಹೊರಡದೆ ಗುಳುಗುಳು ಅಂದರೆ ಅಥವಾ ಮೇಲಿನ ಸ್ಥಾಯಿಗೆ ಹಾರಿದರೆ, ಕೆಳಗಿನ ದೊಡ್ಡ ಪ್ಯಾಡು ಹೋಗಿದೆ ಅಂತ ಅದನ್ನೇ ಕಿತ್ತು ಕೂರುತ್ತಾರೆ. ಆದರೆ ಕೆಳಗಿನ ಸ್ವರ ಬರಬೇಕಾದರೆ ಅದರ ಮೇಲಿನ ಎಲ್ಲ ತೂತೂ ಮುಚ್ಚಿರಬೇಕು. ತೋಟಕ್ಕೆ ನೀರು ಬಿಟ್ಟಾಗ ಪೈಪು ಮೇಲೆಲ್ಲೋ ಸೋರಿದರೆ ಕೊನೆಯ ಜೆಟ್ಟಿಗೆ ಒತ್ತಡ ಸಾಲದ ಹಾಗೆ ಇದು. ಸೋರಿಕೆ ಹೆಚ್ಚಾಗಿ ಮೇಲೆ ಇರುತ್ತದೆ. ನನ್ನ ಅನುಭವದಲ್ಲಿ ಮೊದಲ ಅನುಮಾನ ಜಿ ಶಾರ್ಪಿನ ಮೇಲೆ, ಆಮೇಲೆ ಅಂಗೈಯಲ್ಲಿ ಒತ್ತುವ ಮೇಲಿನ ಕೀಗಳ ಮೇಲೆ. ಮೌತ್‌ಪೀಸಿಗೆ ಹತ್ತಿರ ಇರುವುದರಿಂದ ತೇವ ಮೊದಲು ತಾಗುವುದು ಅವಕ್ಕೇ.

ಹುಡುಕುವ ದಾರಿ ಎರಡು. ಒಂದು ಬೆಳಕು. ಸಣ್ಣ ಎಲ್‌ಇಡಿ ಪಟ್ಟಿ ಅಥವಾ ಬ್ಯಾಟರಿಯ ಸೀರಿಯಲ್ ಸೆಟ್ಟನ್ನು ತೆಳು ಪ್ಲಾಸ್ಟಿಕ್ ಕೊಳವೆಯೊಳಗೆ ಹಾಕಿ, ನೆಕ್ (ಮೇಲಿನ ಬಾಗಿದ ಕೊಳವೆ) ತೆಗೆದು ವಾದ್ಯದ ಮೈಯೊಳಗೆ ಇಳಿಸಿ, ಕತ್ತಲ ಕೋಣೆಯಲ್ಲಿ ಒಂದೊಂದೇ ಕೀಯನ್ನು ಮೆಲ್ಲಗೆ ಮುಚ್ಚಿ. ಸುತ್ತ ಎಲ್ಲೂ ಬೆಳಕು ಕಾಣಬಾರದು. ಕಂಡ ಕಡೆ ಗಾಳಿ ಹೋಗುತ್ತಿದೆ ಅಂತಲೇ ಲೆಕ್ಕ. ಕತ್ತಲ ಕೋಣೆಗೆ ನಮ್ಮಲ್ಲಿ ಬರ ಇಲ್ಲ, ಕರೆಂಟಿನ ದಯೆಯಿಂದ. ಆದರೆ ದೀಪಾವಳಿಗೆ ಗೋಡೆಯ ಪ್ಲಗ್ಗಿಗೆ ಹಾಕುವ 230 ವೋಲ್ಟಿನ ಸೀರಿಯಲ್ ಸೆಟ್ಟನ್ನು ಮಾತ್ರ ಹಿತ್ತಾಳೆಯೊಳಗೆ ಇಳಿಸಬೇಡಿ, ಕೈಯಲ್ಲಿ ವಾದ್ಯ ಹಿಡಿದುಕೊಂಡೇ ಶಾಕ್ ಹೊಡೆಸಿಕೊಳ್ಳುತ್ತೀರಿ. ಮೊಬೈಲ್ ಚಾರ್ಜರಿನ 5 ವೋಲ್ಟಿನ ಪಟ್ಟಿ ಸಾಕು.

ಎರಡನೆಯದು ಕಾಗದ. ಸಿಗರೇಟ್ ಸುತ್ತುವ ತೆಳು ಕಾಗದವನ್ನು ಸಣ್ಣ ಪಟ್ಟಿಯಾಗಿ ಕತ್ತರಿಸಿ, ಪ್ಯಾಡಿನ ಅಡಿ ಇಟ್ಟು, ಕೀ ಮುಚ್ಚಿ ಮೆಲ್ಲಗೆ ಎಳೆಯಬೇಕು. ಮುಂದೆ, ಹಿಂದೆ, ಎಡ, ಬಲ ಎಲ್ಲ ಕಡೆ ಒಂದೇ ಹಿಡಿತ ಇರಬೇಕು. ಒಂದು ಕಡೆ ಸುಮ್ನೆ ಜಾರಿ ಬಂದರೆ ಅಲ್ಲಿ ಪ್ಯಾಡು ತಾಗುತ್ತಿಲ್ಲ. ಬೆಳಕು ಒಮ್ಮೊಮ್ಮೆ ಮೋಸ ಮಾಡಬಹುದು, ಕಾಗದ ಮಾಡುವುದಿಲ್ಲ. ನಾನು ಎರಡೂ ಮಾಡುತ್ತೇನೆ, ಆದರೆ ನಂಬುವುದು ಕಾಗದವನ್ನು.

ಪ್ಯಾಡು ತರಿಸುವಾಗ ಹಳೆಯ ಪ್ಯಾಡನ್ನು ಅಳೆಯಬೇಡಿ. ಅದು ಉಬ್ಬಿರುತ್ತದೆ ಇಲ್ಲವೇ ಸೊರಗಿರುತ್ತದೆ. ಪ್ಯಾಡು ಕೂರುವ ಬಟ್ಟಲಿನ ಒಳಗಿನ ಅಗಲವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಪ್ಯಾಡುಗಳು ಅರ್ಧ ಮಿಲಿಮೀಟರ್ ಅಂತರದಲ್ಲಿ ಸಿಗುತ್ತವೆ. ಬಟ್ಟಲಿಗೆ ಬಿಗಿಯಾಗಿ ಕೂರಬೇಕು, ಆದರೆ ಚರ್ಮ ಮುದುರಬಾರದು. ದಪ್ಪ 4 ಮಿಲಿಮೀಟರ್ ಆಸುಪಾಸು ಇರುತ್ತದೆ, ಹಳೆಯ ವಾದ್ಯದಲ್ಲಿ ಬೇರೆ ಇರಬಹುದು, ನೋಡಿಕೊಳ್ಳಿ. 'ಆಲ್ಟೊಗೆ ಪೂರ್ತಿ ಸೆಟ್' ಅಂತ ಸಿಗುವುದನ್ನು ಕಣ್ಣು ಮುಚ್ಚಿ ತರಿಸಿದರೆ ಅರ್ಧ ಸರಿ ಹೋಗುತ್ತದೆ, ಅರ್ಧ ಡಬ್ಬದಲ್ಲೇ ಉಳಿಯುತ್ತದೆ, ಅದರಲ್ಲೂ ಕಂಪನಿ ಹೆಸರು ಗೊತ್ತಿಲ್ಲದ ವಾದ್ಯಗಳಿಗೆ. ಒಂದೊಂದನ್ನೂ ಅಳೆದು ಪಟ್ಟಿ ಬರೆದು ತರಿಸುವುದೇ ಒಳ್ಳೆಯದು.

ಎಲ್ಲಿಂದ ಶುರು ಮಾಡಬೇಕು ಅನ್ನುವುದು ಮುಖ್ಯ. ಅಂಗೈ ಕೀಗಳು, ಬಲಗಡೆಯ ಸೈಡ್ ಕೀಗಳು, ಕೆಳಗಿನ ಇ ಫ್ಲಾಟ್, ಇವುಗಳಲ್ಲಿ ಒಂದನ್ನು ಒತ್ತಿದರೆ ಇನ್ನೊಂದು ಏಳುವ ತಂಟೆ ಇಲ್ಲ. ಬಿಚ್ಚುವುದು ಸುಲಭ, ಹಾಕುವುದೂ ಸುಲಭ. ನಡುವಿನ ಎರಡು ಸಾಲು ಕೀಗಳಿಗೆ, ಅಂದರೆ ಎಡಗೈ ಬಲಗೈ ಬೆರಳುಗಳು ಕೂರುವ ಕಡೆಗೆ, ಮೊದಲ ಸಲವೇ ಕೈ ಹಾಕಬೇಡಿ. ಅಲ್ಲಿ ಒಂದು ಮುಚ್ಚಿದರೆ ಇನ್ನೊಂದು ಜೊತೆಗೆ ಮುಚ್ಚಬೇಕು, ಒಂದು ಕೂದಲೆಳೆ ಎತ್ತರ ತಪ್ಪಿದರೂ ಇಡೀ ಸಾಲು ಕೆಡುತ್ತದೆ. ಮಳೆಯ ತೇವಕ್ಕೆ ಮೊದಲು ಹೋಗುವುದು ಸದಾ ಮುಚ್ಚಿರುವ ಸಣ್ಣ ಪ್ಯಾಡುಗಳೇ ಆದ್ದರಿಂದ, ಅಷ್ಟು ಕಲಿತರೂ ವಾದ್ಯವನ್ನು ರಿಪೇರಿಗೆ ಹೊರಗೆ ಕಳಿಸುವ ತಾಪತ್ರಯ ಬಹಳ ಕಮ್ಮಿಯಾಗುತ್ತದೆ.

ಕೆಲಸಕ್ಕೆ ದೊಡ್ಡ ಸಾಮಾನು ಬೇಡ. ಸ್ಕ್ರೂವಿನ ಗೀರಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು, ಸಡಿಲ ಆದರೆ ಜಾರಿ ಮೈಗೆ ಗೀರು ಬೀಳುತ್ತದೆ. ಸೂಜಿ ಸ್ಪ್ರಿಂಗ್ ಬಿಡಿಸಲು ಕ್ರೋಶಾ ಕಡ್ಡಿ. ಸ್ಪಿರಿಟ್ ದೀಪ ಅಥವಾ ಸಣ್ಣ ಗ್ಯಾಸ್ ಟಾರ್ಚ್. ಅಂಟಿಗೆ ಅರಗು, ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಚ್ಚಲು ಬಳಸುವ ಅದೇ ಅರಗಿನ ಶೋಧಿಸಿದ ರೂಪ, ಮರಕ್ಕೆ ಪಾಲಿಶ್ ಹಾಕುವವರ ಹತ್ತಿರ ಹಾಳೆ ಹಾಳೆಯಾಗಿ ಇರುತ್ತದೆ. ಅದು ಸಿಗದಿದ್ದರೆ ಗ್ಲೂ ಗನ್ನಿಗೆ ಹಾಕುವ ಕಡ್ಡಿಯೂ ನಡೆಯುತ್ತದೆ. ಎರಡರ ಗುಣವೂ ಒಂದೇ: ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ತಣ್ಣಗಾದರೆ ಹಿಡಿದುಕೊಳ್ಳುತ್ತದೆ, ಮತ್ತೆ ಬಿಸಿ ಮಾಡಿ ಪ್ಯಾಡನ್ನು ಸರಿಸಬಹುದು. ಪ್ಯಾಡಿಗೆ ಬೇಕಾದದ್ದು ಆ ಗುಣವೇ, ಹಾಗಾಗಿ ಬೇರೆ ಯಾವ ಗಮ್ಮೂ ಬೇಡ.

ಕೀಯ ರಾಡನ್ನು ಬಿಚ್ಚಿ, ಸ್ಪ್ರಿಂಗ್ ಬಿಡಿಸಿ, ಕೀಯನ್ನು ಹೊರಗೆ ತೆಗೆಯಿರಿ. ರಾಡು, ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಹಳೇ ಪತ್ರಿಕೆಯ ಮೇಲೆ ಜೋಡಿಸಿ ಹೆಸರು ಬರೆದಿಡಿ (ಪತ್ರಿಕೆಗೆ ಇದೂ ಒಂದು ಉಪಯೋಗ, ಬೇಜಾರಾಗಬೇಡಿ). ಒಂದರ ರಾಡು ಇನ್ನೊಂದಕ್ಕೆ ಹೋದರೆ ಪೂರ್ತಿ ಗೊಂದಲ. ಈಗ ಬಟ್ಟಲಿನ ಬೆನ್ನಿಗೆ ಸಣ್ಣ ಉರಿ ತೋರಿಸಿ, ಒಂದೇ ಕಡೆ ಹಿಡಿಯದೆ ಆಡಿಸುತ್ತಾ ಇರಿ. ಒಳಗಿನ ಅಂಟು ಮೆತ್ತಗಾದಾಗ ಪ್ಯಾಡು ತಾನಾಗಿ ಬಿಡುತ್ತದೆ. ಉರಿ ಜಾಸ್ತಿಯಾದರೆ ಮೇಲಿನ ಲ್ಯಾಕರ್ ಕಂದುತ್ತದೆ, ಬೆರಳಿಡುವ ಮುತ್ತಿನ ಗುಂಡಿ ಪ್ಲಾಸ್ಟಿಕ್ಕಿನದ್ದಾದರೆ ಕರಗುತ್ತದೆ, ಹತ್ತಿರದ ಕಾರ್ಕ್ ಕಳಚಿ ಬೀಳುತ್ತದೆ. ಅವಸರ ಬೇಡ. ಹಳೆಯ ಅರಗನ್ನು ಸ್ಪಿರಿಟ್ ಹಾಕಿ ಒರೆಸಿ ತೆಗೆಯಿರಿ, ಆದರೆ ಆ ಸ್ಪಿರಿಟ್ ಬಾಟಲಿ ಮುಚ್ಚಿ ದೂರ ಇಟ್ಟ ಮೇಲೆಯೇ ಮತ್ತೆ ಬೆಂಕಿ ಹಚ್ಚಿ.

ಆಮೇಲೆ ಹೊಸ ಅಂಟು. ಬಟ್ಟಲನ್ನು ಬಿಸಿ ಮಾಡಿ ಒಳಗೆ ಎಲ್ಲ ಕಡೆ ಸಮನಾಗಿ ಹರಡುವಷ್ಟು ಹಾಕಿ, ಮೆತ್ತಗಿರುವಾಗಲೇ ಪ್ಯಾಡು ಕೂರಿಸಿ. ಕೂರಿಸುವ ಮೊದಲು ಪ್ಯಾಡಿನ ಬದಿಗೆ ಸೂಜಿಯಲ್ಲಿ ಒಂದು ಸಣ್ಣ ಚುಚ್ಚು ಹಾಕಿದರೆ ಒಳಗಿನ ಗಾಳಿ ಬಿಸಿಗೆ ಉಬ್ಬಿ ಚರ್ಮ ಬುರುಬುರು ಆಗುವುದಿಲ್ಲ. ಚುಚ್ಚು ಬದಿಗೇ ಬೀಳಲಿ, ಮುಖಕ್ಕೆ ಬೇಡ. ಕೀಯನ್ನು ವಾದ್ಯಕ್ಕೆ ವಾಪಸ್ ಹಾಕಿ, ಬೆಳಕು ಇಳಿಸಿ ನೋಡಿ. ಮೊದಲ ಸಲಕ್ಕೇ ಸರಿ ಕೂತರೆ ನಿಮ್ಮ ಅದೃಷ್ಟ.

ಸರಿ ಕೂರದಿದ್ದರೆ ಯಾಕೆ ಅಂತ ತಿಳಿಯುವುದು ಕಷ್ಟವಲ್ಲ. ಕೀ ತಿರುಗುವುದು ರಾಡಿನ ಮೇಲೆ. ಪ್ಯಾಡು ತುಂಬ ಹೊರಗೆ ಇದ್ದರೆ, ಅಥವಾ ದಪ್ಪ ಜಾಸ್ತಿಯಾದರೆ, ರಾಡಿನ ಕಡೆಯ ಅಂಚು ಮೊದಲು ತಾಗುತ್ತದೆ, ಮುಂದೆ ಬೆಳಕು ಕಾಣುತ್ತದೆ. ಪ್ಯಾಡು ಒಳಗೆ ಇಳಿದಿದ್ದರೆ ಮುಂದಿನ ಅಂಚು ಮೊದಲು ತಾಗುತ್ತದೆ, ರಾಡಿನ ಕಡೆ ಬೆಳಕು. ಇಷ್ಟು ತಲೆಯಲ್ಲಿದ್ದರೆ ಬಟ್ಟಲನ್ನು ಚೂರು ಬಿಸಿ ಮಾಡಿ, ತೆಳುವಾದ ಲೋಹದ ಪಟ್ಟಿಯಲ್ಲಿ ಪ್ಯಾಡನ್ನು ಬೇಕಾದ ಕಡೆ ಒತ್ತಿಯೋ ಎಳೆದೋ ಸರಿ ಮಾಡಬಹುದು, ಅಂಟು ಕಮ್ಮಿಯಾಗಿದ್ದರೆ ಇನ್ನಷ್ಟು ಹಾಕಬಹುದು. ಕೀಯನ್ನೇ ಕೈಯಲ್ಲಿ ಬಗ್ಗಿಸುವವರಿದ್ದಾರೆ, ಆ ವಿದ್ಯೆ ಸದ್ಯಕ್ಕೆ ಬೇಡ. ಬೆಳಕು ಪೂರ್ತಿ ನಿಂತ ಮೇಲೆ ಕೀಯನ್ನು ಹಗುರವಾಗಿ ಮುಚ್ಚಿ ಹಿಡಿದು ತಣಿಯಲು ಬಿಟ್ಟರೆ ಚರ್ಮದ ಮೇಲೆ ಉಂಗುರದ ಗೆರೆ ಸಮನಾಗಿ ಮೂಡುತ್ತದೆ. ಕೆಲವರು ರಾತ್ರಿಯಿಡೀ ರಬ್ಬರ್ ಬ್ಯಾಂಡ್ ಬಿಗಿದು ಇಡುತ್ತಾರೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಬಿಗಿದು ಕೂರಿಸಿದ ಪ್ಯಾಡು ಬಿಗಿದಾಗ ಮಾತ್ರ ಮುಚ್ಚುತ್ತದೆ, ನುಡಿಸುವಾಗ ಬೆರಳಿನ ಹಗುರ ಒತ್ತಿಗೂ ಮುಚ್ಚಬೇಕಲ್ವಾ.

ಜಿ ಶಾರ್ಪ್ ಬಗ್ಗೆ ಒಂದು ಮಾತು ಹೆಚ್ಚಿಗೆ. ಪ್ಯಾಡು ಹೊಸದು ಹಾಕಿದರೂ ಕೆಳಗಿನ ಸ್ವರ ಬರದಿದ್ದರೆ ಅಲ್ಲಿ ಹತ್ತಿರದಲ್ಲೇ, ಬಲಗೈ ಸಾಲಿನ ಮೇಲ್ತುದಿಯ ಕೀಗೆ ಸೇರಿದ ಸಣ್ಣ ಸ್ಕ್ರೂ ಇದೆ ನೋಡಿ. ಬಲಗೈ ಕೀ ಒತ್ತಿದಾಗ ಜಿ ಶಾರ್ಪನ್ನು ಅಮುಕಿ ಹಿಡಿಯುವುದು ಅದು. ಹೊಸ ಪ್ಯಾಡಿನ ಎತ್ತರ ಬೇರೆಯಾದ್ದರಿಂದ ಆ ಸ್ಕ್ರೂವನ್ನು ಸ್ವಲ್ಪ ತಿರುಗಿಸಬೇಕಾಗುತ್ತದೆ. ಸ್ವಲ್ಪ ಅಂದರೆ ನಿಜವಾಗಿಯೂ ಸ್ವಲ್ಪ. ಜಾಸ್ತಿ ಬಿಗಿದರೆ ಜಿ ಶಾರ್ಪ್ ಮುಚ್ಚುತ್ತದೆ, ಬಲಗೈ ಕೀ ಮುಚ್ಚದೆ ಉಳಿಯುತ್ತದೆ. ಕಾಗದದ ಪಟ್ಟಿಯನ್ನು ಎರಡರ ಅಡಿಗೂ ಇಟ್ಟು ಎರಡೂ ಒಂದೇ ಸಲ ಹಿಡಿಯುವ ತನಕ ನೋಡಿ. 'ಪ್ಯಾಡು ಹಾಕಿದರೂ ಸರಿಯಾಗಲಿಲ್ಲ' ಅನ್ನುವ ದೂರುಗಳಲ್ಲಿ ಬಹಳಷ್ಟು ಈ ಒಂದು ಸ್ಕ್ರೂವಿನದ್ದು.

ರಾಡುಗಳಿಗೆ ಹೊಲಿಗೆ ಮಷಿನ್ ಎಣ್ಣೆ ಒಂದೊಂದು ತೊಟ್ಟು ಸಾಕು. ತೆಂಗಿನೆಣ್ಣೆ ಹಾಕಿದ ವಾದ್ಯವನ್ನು ಕಂಡಿದ್ದೇನೆ. ನಮ್ಮ ಡಿಸೆಂಬರ್ ಚಳಿಗೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ರಾಡಿನೊಳಗೆ ಇನ್ನೇನಾಗುತ್ತದೆ?

ಇನ್ನು ಪ್ಯಾಡು ಹೋಗದ ಹಾಗೆ ನೋಡಿಕೊಳ್ಳುವುದು. ಊದಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ. ಸದಾ ಮುಚ್ಚಿರುವ ಕೀಗಳ ಅಡಿ ತೆಳು ಕಾಗದ ಇಟ್ಟು ತೇವ ಹೀರಿಸಿ. ಒದ್ದೆ ವಾದ್ಯವನ್ನು ಪೆಟ್ಟಿಗೆಯೊಳಗೆ ಹಾಕಿ ಕ್ಲಿಪ್ ಬಿಗಿಯುವುದೇ ದೊಡ್ಡ ಅನ್ಯಾಯ, ಆ ಪೆಟ್ಟಿಗೆಯ ವೆಲ್ವೆಟ್ಟಿನಲ್ಲಿ ಬೂಷ್ಟು ಬೆಳೆಯಲು ಬೇಕಾದ್ದೆಲ್ಲ ಇದೆ. ಮಳೆಗಾಲದಲ್ಲಿ ಬಟ್ಟೆ ಬೀರುವಿಗೆ ಸಣ್ಣ ಬಲ್ಬ್ ಹಾಕಿಡುವ ಮನೆಗಳಲ್ಲಿ ವಾದ್ಯವನ್ನೂ ಅಲ್ಲೇ ಇಡಬಹುದು. ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಬೇಡ. ಬೆಚ್ಚಗಿರುತ್ತದೆ ಅಂತ ಅಲ್ಲಿ ತೂಗು ಹಾಕುತ್ತಾರೆ, ಹೊಗೆಗೆ ಚರ್ಮ ಒಣಗಿ ಬಿರಿಯುತ್ತದೆ, ಬಿಸಿಗೆ ಅರಗು ಮೆತ್ತಗಾಗಿ ಪ್ಯಾಡು ಜಾಗ ಬಿಡುತ್ತದೆ. ಬದಲಿಗೆ ಕಕ್ಕಡದಲ್ಲೂ ದಿನಾ ಸ್ವಲ್ಪ ಹೊತ್ತು ಊದಿ ಒರೆಸಿ ಇಡಿ. ನುಡಿಸುವ ವಾದ್ಯದ ಪ್ಯಾಡು ಪೆಟ್ಟಿಗೆಯಲ್ಲಿ ಮಲಗಿದ ವಾದ್ಯದ ಪ್ಯಾಡಿಗಿಂತ ಜಾಸ್ತಿ ಬಾಳುತ್ತದೆ, ಇದು ನಾನು ಕಂಡದ್ದು.

ಇಷ್ಟು ಬರೆದರೆ ರಿಪೇರಿಯವರ ಹೊಟ್ಟೆ ಮೇಲೆ ಹೊಡೆಯುತ್ತಿದ್ದೀರಾ ಅಂತ ಕೇಳಬಹುದು. ಇಲ್ಲ. ಪೂರ್ತಿ ಪ್ಯಾಡು ಬದಲಿಸುವುದು, ಬಗ್ಗಿದ ಕೀ, ತಗ್ಗಿದ ಮೈ, ಸವೆದ ರಾಡು, ಇವೆಲ್ಲ ಅವರ ಕೆಲಸವೇ, ಅವರೇ ಮಾಡಬೇಕು. ಆದರೆ ಬೆರಳ ತುದಿಯಷ್ಟು ಪ್ಯಾಡಿಗೋಸ್ಕರ ಒಬ್ಬ ವಾದಕ ಸೀಸನ್ ಕಳೆದುಕೊಳ್ಳುವುದು, ಸಾಲ ಮಾಡಿ ಹೊಸದು ತರುವುದು ಬೇಡ ಅನ್ನುತ್ತಿದ್ದೇನೆ. ಹೆಸರುವಾಸಿ ಕಂಪನಿಯ ಹೊಸ ಆಲ್ಟೊ ಈಗ ಲಕ್ಷ ದಾಟುತ್ತದೆ. ಪ್ಯಾಡಿನ ಖರ್ಚು ಅದರ ಮುಂದೆ ಲೆಕ್ಕಕ್ಕೇ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಐಟಿಐಗಳಿವೆ, ಪಾಲಿಟೆಕ್ನಿಕ್ ಇದೆ, ಸಣ್ಣ ಸ್ಕ್ರೂ ಸಣ್ಣ ಸ್ಪ್ರಿಂಗ್ ಗೊತ್ತಿರುವ ಹುಡುಗರಿದ್ದಾರೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಲಾವಿದರಿಗೆ ಶಾಲು ಹೊದಿಸುವ ಕಾರ್ಯಕ್ರಮಗಳ ನಡುವೆ ಒಂದು ದಿನ ಬಿಡುವು ಮಾಡಿಕೊಂಡು, ಘಟ್ಟದ ಕೆಳಗಿನ ಒಬ್ಬ ಅನುಭವಿ ರಿಪೇರಿಯವರನ್ನು ಕರೆಸಿ, ಇಲ್ಲಿನ ವಾದಕರಿಗೂ ಈ ಹುಡುಗರಿಗೂ ಒಟ್ಟಿಗೆ ಕಲಿಸಿಕೊಟ್ಟರೆ ಸಾಕು. ದಸರಾ ಸಮಿತಿಗಳು, ದೇವಸ್ಥಾನದ ಆಡಳಿತ ಮಂಡಳಿಗಳು ವಾದ್ಯದವರಿಗೆ ಮುಂಗಡ ಕೊಡುವಾಗ ವಾರದ ಮುಂಚೆ ಕೊಡುವ ಬದಲು ಮಳೆ ಮುಗಿಯುವ ಮುಂಚೆ ಕೊಟ್ಟರೆ ಆ ದುಡ್ಡಲ್ಲೇ ಪ್ಯಾಡು ಬರುತ್ತದೆ. ಇದಕ್ಕೆ ಹೊಸ ಯೋಜನೆ, ಹೊಸ ಅನುದಾನ ಏನೂ ಬೇಡ.

ಪತ್ರ ಉದ್ದವಾಯಿತು, ಗೊತ್ತು. ಕತ್ತರಿಸುವುದಾದರೆ ಗೋಪಾಲನಾಥರ ಪ್ಯಾರಾ ಕತ್ತರಿಸಿ, ಅವರ ಬಗ್ಗೆ ಎಲ್ಲರಿಗೂ ಗೊತ್ತಿದೆ. 230 ವೋಲ್ಟಿನ ಮಾತು ಮತ್ತು ಜಿ ಶಾರ್ಪಿನ ಸ್ಕ್ರೂ ಮಾತ್ರ ತೆಗೆಯಬೇಡಿ. ಮತ್ತೆ, ಹಾಕುವುದಾದರೆ ಬೇಗ ಹಾಕಿ. ಅಳತೆ ತೆಗೆದು, ಪ್ಯಾಡು ತರಿಸಿ, ಕೂರಿಸಿ, ತಪ್ಪಿದ್ದನ್ನು ಸರಿಪಡಿಸಲು ವಾದಕರಿಗೆ ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದ ಒಳಗೆ ಸ್ವಲ್ಪ ಸಮಯ ಸಿಗಬೇಕು.

ಇಂತಿ ನಿಮ್ಮ ಓದುಗ,
ಒಬ್ಬ ಸ್ಯಾಕ್ಸೋಫೋನ್ ವಾದಕ
ನಾಪೋಕ್ಲು, ಕೊಡಗು